ಗ್ರಾಮಫೋನ್ ಕಾಲದ ಪ್ರೇಮಕಥೆ ದಾವಣಗೆರೆಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಂಡದವರು ಒಂದು ಸಿನಿಮಾಕ್ಕೆ ಕಥೆ ಬರೆಯುತ್ತಿದ್ದಾರೆ. ಬ್ರಿಟಿಷರ ಕಾಲ, ದಾವಣಗೆರೆ, ನಾಟಕ ಕಂಪನಿಯ ಪೇಟಿ (ಹಾರ್ಮೋನಿಯಂ) ಮಾಸ್ತರ ಒಬ್ಬ, ಅದೇ ಕಂಪನಿಯಲ್ಲಿ ಹಾಡುವ ಹುಡುಗಿ ಒಬ್ಬಳು. ಇಷ್ಟೇ ಕಥೆ. ಆ ಕಾಲದಲ್ಲಿ ಏನಿತ್ತು, ಏನಿರಲಿಲ್ಲ ಅಂತ ನೋಡುವ ಕೆಲಸ ನನ್ನದು. ವಿಷಯ ಹೊರಗೆ ಗೊತ್ತಾದ ಮೇಲೆ ಸಿಕ್ಕವರೆಲ್ಲ ಕೇಳೋಕೆ ಶುರು ಮಾಡಿದರು. ಫೋನಲ್ಲಿ, ಪತ್ರದಲ್ಲಿ, ಮಂಡಕ್ಕಿ ಅಂಗಡಿ ಮುಂದೆ. ಜಾಸ್ತಿ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಹಾಕಿದ್ದೇನೆ.

## ಶುರುವಿನ ಪ್ರಶ್ನೆಗಳು

ದಾವಣಗೆರೆ ಮೈಸೂರು ಮಹಾರಾಜರ ಊರಲ್ವಾ? ಇಲ್ಲಿ ಬ್ರಿಟಿಷರ ಕಾಲದ ಸಿನಿಮಾ ಹೇಗೆ ಮಾಡ್ತೀರಾ?

ಪ್ರಶ್ನೆ ಸರಿಯಾಗಿದೆ. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು. 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂತು. ಆಮೇಲೆ ರಾಜರು, ದಿವಾನರು, ಅವರ ಮೇಲೆ ಕಣ್ಣಿಡೋಕೆ ಬೆಂಗಳೂರಲ್ಲಿ ಒಬ್ಬ ಬ್ರಿಟಿಷ್ ರೆಸಿಡೆಂಟ್. ದಾವಣಗೆರೆ ಆಗ ಜಿಲ್ಲೆಯೂ ಅಲ್ಲ, ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು. 1997ರಲ್ಲಷ್ಟೇ ಬೇರೆ ಜಿಲ್ಲೆ ಆಯಿತು. ಬೀದಿಯಲ್ಲಿ ದಿನಾ ಬಿಳಿ ಸಾಹೇಬರು ಓಡಾಡುತ್ತಿದ್ದರು ಅಂತ ತೋರಿಸಿದರೆ ಊರಿನ ಹಿರಿಯರು ನಗುತ್ತಾರೆ.

ಆದರೆ ನಮ್ಮ ಊರಿನ ಮಜಾ ಬೇರೆ ಇದೆ. ಇಲ್ಲಿಂದ ಸ್ವಲ್ಪ ದೂರಕ್ಕೆ ಹರಿಹರ. ಅಲ್ಲಿ ಸೇತುವೆ ಮೇಲೆ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ಸೀಮೆ. ಅದು ಧಾರವಾಡ ಜಿಲ್ಲೆ, ಅಂದರೆ ಮುಂಬೈ ಪ್ರಾಂತ್ಯ, ಖುದ್ದು ಬ್ರಿಟಿಷರದ್ದೇ ಆಳ್ವಿಕೆ. ಇತ್ತ ಹರಪನಹಳ್ಳಿ ಕಡೆ ಹೋದರೆ ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ್ಯ. ಒಂದೇ ಭಾಷೆ, ಒಂದೇ ಜಾತ್ರೆ, ಬೀಗತನವೂ ಅಲ್ಲೇ ಇಲ್ಲೇ, ಆದರೆ ಸರ್ಕಾರ ಮಾತ್ರ ಮೂರು ಥರ. ನಮ್ಮ ಪೇಟಿ ಮಾಸ್ತರ ಹೊಳೆಯ ಆಚೆಯವನು, ಹುಡುಗಿ ಈಚೆಯವಳು. ವಸಾಹತು ಕಾಲ ಅನ್ನೋದು ನಮ್ಮ ಕಥೆಯಲ್ಲಿ ಬಂದೂಕಿನಲ್ಲಿಲ್ಲ, ಆ ಸೇತುವೆಯಲ್ಲಿದೆ.

ಯಾವ ವರ್ಷ ಇಟ್ಟುಕೊಂಡರೆ ಚೆಂದ?

1928ರಿಂದ 1934ರ ನಡುವೆ ಅಂತ ನಾನು ಪಟ್ಟು ಹಿಡಿದೆ. ಕಾರಣ ಇದೆ. ಆಗ ಗ್ರಾಮಫೋನ್ ದುಡ್ಡಿದ್ದವರ ಮನೆಗೆ ಬಂದಿತ್ತು, ಮೂಕಿ ಚಿತ್ರ ಓಡುತ್ತಿತ್ತು, ನಾಟಕ ಕಂಪನಿಗಳಿಗೂ ಜನ ಮುಗಿಬೀಳುತ್ತಿದ್ದರು. 1934ರಲ್ಲಿ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ಬಂತು. ಅದನ್ನು ಚಿತ್ರೀಕರಿಸಿದ್ದು ಕೊಲ್ಹಾಪುರದಲ್ಲಿ, ಅಭಿನಯಿಸಿದವರಲ್ಲಿ ಮುಖ್ಯರು ಕಂಪನಿ ನಾಟಕದಿಂದಲೇ ಹೋದವರು. ಕಂಪನಿಗಳ ಬುಡ ಅಲ್ಲಾಡೋಕೆ ಶುರುವಾದದ್ದು ಟಾಕಿ ಬಂದ ಮೇಲೆ. ಪ್ರೀತಿಯೂ ಕೆಲಸವೂ ಒಟ್ಟಿಗೆ ಕೈಜಾರುವ ಹೊತ್ತು ಅದು. ಇದಕ್ಕಿಂತ ಒಳ್ಳೇ ಕಾಲ ಬೇರೆ ಸಿಗಲ್ಲ.

ಚಿತ್ರದುರ್ಗ ಅಂದಮೇಲೆ ಕೋಟೆ, ಮದಕರಿ ನಾಯಕ, ಓಬವ್ವ ಇರಲೇಬೇಕಲ್ವಾ?

ಇಲ್ಲ. ದುರ್ಗ ಹೈದರಾಲಿಯ ಕೈಗೆ ಬಿದ್ದದ್ದು 1779ರಲ್ಲಿ. ನಮ್ಮ ಕಥೆ ಅದಾಗಿ ನೂರೈವತ್ತು ವರ್ಷ ಆದಮೇಲಿನದು. ಆಗ ಏಳು ಸುತ್ತಿನ ಕೋಟೆ ಅಂದರೆ ಕುರಿ ಮೇಯಿಸುವ ಜಾಗ, ಹಬ್ಬದ ದಿನ ದೇವಸ್ಥಾನಕ್ಕೆ ಹೋಗುವ ದಾರಿ. ಕಂಪನಿ ದುರ್ಗದಲ್ಲಿ ಕ್ಯಾಂಪ್ ಹಾಕಿದಾಗ ಇಬ್ಬರೂ ಒಂದು ಸಂಜೆ ಮೇಲೆ ಹೋಗಬಹುದು, ಅಷ್ಟೇ. ಕೋಟೆ ಮುಂದೆ ನಿಂತು ಹೀರೋ ಇತಿಹಾಸದ ಪಾಠ ಹೇಳಬಾರದು.

ದುರ್ಗ ಮತ್ತು ಸಂಗೀತ ಅಂದ ಕೂಡಲೇ ತ.ರಾ.ಸು. ಅವರ 'ಹಂಸಗೀತೆ' ನೆನಪಾಗೋದು ಸಹಜ. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಸಿನಿಮಾ ಮಾಡಿದರು, ಅನಂತನಾಗ್ ಇದ್ದರು. ಅದು ಟಿಪ್ಪು ಕಾಲದ ಹಾಡುಗಾರನ ಕಥೆ. ನಮ್ಮದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಎತ್ತರಕ್ಕೆ ಏಣಿ ಹಾಕುವ ಧೈರ್ಯವೂ ನಮಗಿಲ್ಲ.

ಖಳನಾಯಕ ಬಿಳಿ ಕಲೆಕ್ಟರೇ ತಾನೇ?

ಅಲ್ಲ, ಮತ್ತು ಈ ಕೆಂಪು ಮುಖದ, ಮುರುಕು ಕನ್ನಡ ಮಾತಾಡುವ, ಬೂಟುಗಾಲಲ್ಲಿ ವೀಣೆ ಒದೆಯುವ ಕಲೆಕ್ಟರನ್ನು ನೋಡಿ ನೋಡಿ ಸಾಕಾಗಿದೆ. ನಮ್ಮ ಕಡೆ ಕಂಪನಿ ಹುಡುಗಿಗೆ ಕಾಟ ಕೊಟ್ಟಿರಬಹುದಾದವರು ಬೇರೆ. ಮುಂಗಡ ಕೊಟ್ಟು ಬರೆಸಿಕೊಂಡ ಕಂಪನಿ ಮಾಲೀಕ. ಥಿಯೇಟರಿಗೆ ತಗಡು, ಮರ ಕೊಟ್ಟು ಸಾಲದ ಲೆಕ್ಕ ಇಟ್ಟುಕೊಂಡ ಮಂಡಿ ಸಾಹುಕಾರ. ಮುಂದಿನ ಸಾಲಲ್ಲಿ ಕೂತು 'ಒನ್ಸ್ ಮೋರ್' ಕೂಗಿ, ಮಾರನೇ ದಿನ ಅವಳ ನೆರಳೂ ಮನೆ ಮುಂದೆ ಬೀಳಬಾರದು ಅನ್ನುವ ಮರ್ಯಾದಸ್ಥ. ಈ ಕೊನೆಯವನೇ ನನಗೆ ಇಷ್ಟ. ಅವನು ಕೆಟ್ಟವನಲ್ಲ, ಅದೇ ತೊಂದರೆ.

## ಹಾಡಿನ ಬಗ್ಗೆ

ಆಗಿನ ಹಾಡು ಅಂದ್ರೆ ಯಾವುದು? ಕರ್ನಾಟಕ ಸಂಗೀತನಾ, ಹಿಂದೂಸ್ತಾನಿನಾ?

ಎರಡೂ ಕಲಸಿದ್ದು. ದಾವಣಗೆರೆ ನಿಂತಿರೋದೇ ಗಡಿಯಲ್ಲಿ. ದಕ್ಷಿಣದಿಂದ ಬರುವ ಕಂಪನಿ ಕರ್ನಾಟಕ ಸಂಗೀತದ ಮಟ್ಟು (ಧಾಟಿ) ತರುತ್ತಿತ್ತು. ಗುಬ್ಬಿ ಕಂಪನಿ 1884ರಲ್ಲೇ ಹುಟ್ಟಿದ್ದು. ಉತ್ತರದಿಂದ ಬರುವವರು ಮರಾಠಿ ಸಂಗೀತ ನಾಟಕದ ಮಟ್ಟು, ಹಿಂದೂಸ್ತಾನಿ ರಾಗ ತರುತ್ತಿದ್ದರು. ಗದಗಿನ ಪಂಚಾಕ್ಷರಿ ಗವಾಯಿಗಳು ಸ್ವತಃ ನಾಟಕ ಕಂಪನಿ ನಡೆಸಿದವರು. ಮಲ್ಲಿಕಾರ್ಜುನ ಮನ್ಸೂರರು ಎಳೇ ವಯಸ್ಸಲ್ಲಿ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದ ಹುಡುಗ. ಹಿಂದೂಸ್ತಾನಿ ಗುರು ನೀಲಕಂಠ ಬುವಾ ಅವರ ಕಣ್ಣಿಗೆ ಬಿದ್ದದ್ದು ಆಮೇಲೆ. ಅಂದರೆ ದೊಡ್ಡ ಸಂಗೀತ ಒಂದು ಕಡೆ, ನಾಟಕದ ಹಾಡು ಇನ್ನೊಂದು ಕಡೆ ಅಂತ ಗೋಡೆ ಇರಲಿಲ್ಲ. ದಾವಣಗೆರೆಗೆ ತನ್ನದೇ ಕಂಪನಿಯೂ ಇತ್ತು, ಚಿಂದೋಡಿ ವೀರಪ್ಪನವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ.

ಸಂಗೀತ ನಿರ್ದೇಶಕರಿಗೆ ನಾನು ಹೇಳಿದ್ದು ಒಂದೇ. ಆಗ ರಂಗದ ಮೇಲೆ ಮೈಕ್ ಇರಲಿಲ್ಲ. ಕೊನೇ ಸಾಲಲ್ಲಿ ನೆಲದ ಮೇಲೆ ಕೂತವನಿಗೂ ಸಾಹಿತ್ಯ ಕೇಳಬೇಕು. ಹಾಗಾಗಿ ಶ್ರುತಿ ಎತ್ತರ, ಬಾಯಿ ಬಿಚ್ಚಿ ಹಾಡು, ಅಕ್ಷರ ಒಂದೊಂದೂ ಬಿಡಿಬಿಡಿ. ಈಗಿನ ಸಿನಿಮಾ ಹಾಡಿನ ಥರ ಮೈಕಿಗೆ ತುಟಿ ಹಚ್ಚಿ ಪಿಸುಗುಟ್ಟಿದರೆ ಅದು 1930 ಆಗಲ್ಲ, ಪಿಟೀಲು ಹತ್ತು ಸೇರಿಸಿದರೂ ಆಗಲ್ಲ.

ಹಾರ್ಮೋನಿಯಂ ಬಿಳಿಯರ ವಾದ್ಯ, ಅದನ್ನೇ ಹೀರೋ ಕೈಗೆ ಕೊಟ್ಟಿದ್ದೀರಲ್ಲ?

ಯುರೋಪಿನದು ಹೌದು. ಆದರೆ ನಮ್ಮವರು ಅದನ್ನು ನಮ್ಮದೇ ಮಾಡಿಕೊಂಡರು. ಕಂಪನಿಯಲ್ಲಿ ಲೆಗ್ ಹಾರ್ಮೋನಿಯಂ ಇರುತ್ತಿತ್ತು. ಕಾಲಲ್ಲಿ ತುಳಿದು ಗಾಳಿ ಕೊಡೋದು, ಎರಡೂ ಕೈ ಮನೆಗಳ ಮೇಲೆ. ಪೇಟಿ ಮಾಸ್ತರ ಅಂದರೆ ಕಂಪನಿಯಲ್ಲಿ ಮಾಲೀಕನ ನಂತರದ ಸ್ಥಾನ. ಯಾವ ನಟನಿಗೆ ಇವತ್ತು ಗಂಟಲು ಕಟ್ಟಿದೆ, ಯಾರು ಸಾಲು ಮರೆಯುತ್ತಾರೆ, ಎಲ್ಲಿ ಒಂದು ಆವರ್ತ ಜಾಸ್ತಿ ನುಡಿಸಿ ಕಾಪಾಡಬೇಕು, ಎಲ್ಲ ಅವನಿಗೆ ಗೊತ್ತು. ನಮ್ಮ ಹೀರೋ ಪ್ರೀತಿ ತೋರಿಸೋದೂ ಹಾಗೇ. ಅವಳು ಒಂದು ರಾತ್ರಿ ಪದ್ಯದ ನಡುವೆ ಉಸಿರು ಸಾಲದೆ ತಡವರಿಸುತ್ತಾಳೆ. ಇವನು ಆ ಸ್ವರವನ್ನು ತಾನೇ ಹಿಡಿದು ನಿಲ್ಲಿಸುತ್ತಾನೆ. ಜನಕ್ಕೆ ಗೊತ್ತಾಗಲ್ಲ, ಅವಳಿಗೆ ಮಾತ್ರ ಗೊತ್ತಾಗುತ್ತದೆ.

ಜಗಳವೂ ಇತ್ತು ಅನ್ನಿ. ಹಾರ್ಮೋನಿಯಂನಲ್ಲಿ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು) ಬರಲ್ಲ, ಗಮಕ ಬರಲ್ಲ, ಸ್ವರಸ್ಥಾನ ಸರಿ ಇಲ್ಲ ಅಂತ ದೊಡ್ಡ ದೊಡ್ಡವರೇ ವಾದ ಮಾಡಿದರು. ಆಲ್ ಇಂಡಿಯಾ ರೇಡಿಯೋ 1940ರಿಂದ ಅದನ್ನು ನಿಷೇಧಿಸಿತು, 1971ರವರೆಗೂ ಒಳಗೆ ಬಿಡಲಿಲ್ಲ. ಕಥೆಯನ್ನು ನಲವತ್ತರ ದಶಕಕ್ಕೆ ಎಳೆದರೆ ಇದೇ ಒಂದು ಒಳ್ಳೇ ಸೀನ್.

ಹುಡುಗಿ ಗ್ರಾಮಫೋನ್ ಕೇಳುವ ಸೀನ್ ಇದೆಯಂತೆ. ಅದರಲ್ಲಿ ತಪ್ಪಾಗೋಕೆ ಏನಿದೆ?

ತಪ್ಪಾಗೋದೇ ಅಲ್ಲಿ! ನಾನು ನೋಡಿದ ಎಷ್ಟೋ ಸಿನಿಮಾದಲ್ಲಿ ಹೀರೋಯಿನ್ ಮುಳ್ಳು ಇಟ್ಟು ಹೋಗಿ ಇಡೀ ಹಾಡು ಮುಗಿಯೋವರೆಗೆ ಅಂಗಳದಲ್ಲಿ ಕುಣಿಯುತ್ತಾಳೆ. ಹತ್ತು ಇಂಚಿನ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಹಿಡಿಸೋದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಹಾಡು ಮುಗಿದು ಮುಳ್ಳು ಒಳಗಿನ ಗೆರೆಯಲ್ಲಿ ಕರಕರ ಅನ್ನುತ್ತಿರುತ್ತದೆ. ಎದ್ದು ಹೋಗಿ ತೆಗೆಯಬೇಕು.

ಕೆಲಸ ಹೇಗೆ ಅಂತ ಹೇಳ್ತೀನಿ ಕೇಳಿ. ಮೊದಲು ಪೆಟ್ಟಿಗೆಯ ಪಕ್ಕದ ಹಿಡಿ ತಿರುಗಿಸಿ ಸ್ಪ್ರಿಂಗಿಗೆ ಕೀ ಕೊಡಬೇಕು. ಜಾಸ್ತಿ ತಿರುಗಿಸಿದರೆ ಸ್ಪ್ರಿಂಗ್ ಹೋಯ್ತು, ಕಮ್ಮಿ ಆದರೆ ನಡುವೆ ವೇಗ ಇಳಿದು ಹೆಣ್ಣಿನ ದನಿ ಗಂಡಿನ ದನಿ ಆಗುತ್ತದೆ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು. ಸಣ್ಣ ತಗಡಿನ ಡಬ್ಬಿಯಲ್ಲಿ ಉಕ್ಕಿನ ಮುಳ್ಳುಗಳಿರುತ್ತವೆ. ಒಂದು ಮಗ್ಗುಲು ಕೇಳಿದ ಮೇಲೆ ಮುಳ್ಳು ಬದಲಿಸಬೇಕು, ಇಲ್ಲದಿದ್ದರೆ ಮೊಂಡಾದ ಮುಳ್ಳು ತಟ್ಟೆಯನ್ನೇ ಕೆರೆದು ಹಾಕುತ್ತದೆ. ತಟ್ಟೆಗೆ ಬಳಸುತ್ತಿದ್ದದ್ದು ಅರಗು. ಕೈ ಜಾರಿದರೆ ಎರಡು ಹೋಳು. ಜಿಪುಣ ಸಾಹುಕಾರ ಮುಳ್ಳು ಬದಲಿಸಲ್ಲ ಅಂತ ನಮ್ಮ ಕಥೆಯಲ್ಲಿ ಒಂದು ಸಾಲು ಇದೆ. ಅದರಲ್ಲೇ ಅವನು ಎಂಥವನು ಅಂತ ಗೊತ್ತಾಗುತ್ತದೆ. ವಾಲ್ಯೂಮ್ ಗುಂಡಿ ಅಂತೂ ಇಲ್ಲವೇ ಇಲ್ಲ. ಸದ್ದು ಕಮ್ಮಿ ಮಾಡಬೇಕಾದರೆ ಪೆಟ್ಟಿಗೆಯ ಬಾಗಿಲು ಮುಚ್ಚಬೇಕು, ಹಾರ್ನ್ ಇದ್ದರೆ ಬಟ್ಟೆ ತುರುಕಬೇಕು.

ಅವಳ ಹಾಡು ರೆಕಾರ್ಡ್ ಆಗುವ ಸೀನ್ ಹೇಗಿರುತ್ತೆ?

ಎರಡು ಕಾಲ, ಎರಡು ಥರ. 1925ಕ್ಕೆ ಮುಂಚೆ ರೆಕಾರ್ಡ್ ಮಾಡೋಕೆ ಮೈಕ್ ಬಳಸುತ್ತಿರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖ ಒಡ್ಡಿ ಹಾಡಬೇಕು. ತಾರಕ್ಕೆ ಹೋಗುವಾಗ ತಲೆ ಹಿಂದೆ ಸರಿಸಬೇಕು, ಇಲ್ಲದಿದ್ದರೆ ಹಾಡು ಕೊರೆಯುವ ಸೂಜಿ ಎಗರಿ ಮೇಣದ ಮೂಲ ತಟ್ಟೆ ಹಾಳು. ನಮ್ಮ ಕಥೆಯ ಹೊತ್ತಿಗೆ ಮೈಕ್ ಬಂದಿತ್ತು, ಆದರೆ ಮೂರು ನಿಮಿಷದ ಕಟ್ಟು ಹಾಗೇ ಇತ್ತು. ರಾತ್ರಿಯೆಲ್ಲ ಒಂದೇ ರಾಗ ಹಾಡುವವರು ಗಡಿಯಾರ ನೋಡಿಕೊಂಡು ಮೂರು ನಿಮಿಷಕ್ಕೆ ಮುಗಿಸಬೇಕು.

ಭಾರತದಲ್ಲಿ ಈ ಕೆಲಸ ಜೋರಾಗಿ ಶುರುವಾದದ್ದು 1902ರಲ್ಲಿ, ಕಲ್ಕತ್ತಾದಲ್ಲಿ, ಗೌಹರ್ ಜಾನ್ ಅವರ ಹಾಡಿನಿಂದ. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಯಾರ ಹಾಡು ಅಂತ ಅಲ್ಲಿನವರಿಗೆ ಗೊತ್ತಾಗಲಿ ಅಂತ. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಗೆ ಬಂದರು, 1930ರ ಜನವರಿಯಲ್ಲಿ ಮೈಸೂರಲ್ಲೇ ತೀರಿಕೊಂಡರು. ದೇಶಕ್ಕೆಲ್ಲ ಹೆಸರಾದ ಹಾಡುಗಾರ್ತಿಯ ಕೊನೆ ನಮ್ಮ ರಾಜ್ಯದಲ್ಲಿ ಆಗಿದೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಹುಡುಗಿ ಆ ಸುದ್ದಿ ಕೇಳುವ ಸೀನ್ ಒಂದಿದೆ. ಅವಳು ಅಳಲ್ಲ. ಸುಮ್ನೆ ಆ ತಟ್ಟೆಯ ಇನ್ನೊಂದು ಮಗ್ಗುಲು ಹಾಕುತ್ತಾಳೆ.

## ಪ್ರೀತಿ, ಮನೆ, ಕಾನೂನು

ಆಗ ಹೆಂಗಸರು ನಾಟಕದಲ್ಲಿ ಇರ್ತಿದ್ರಾ? ಗಂಡಸರೇ ಸೀರೆ ಉಡ್ತಿದ್ರು ಅಂತ ಕೇಳಿದ್ದೆ.

ಎರಡೂ ಇತ್ತು, ಒಂದೇ ಕಂಪನಿಯಲ್ಲೇ ಇರುತ್ತಿತ್ತು. ಹೆಣ್ಣು ಪಾರ್ಟಿಗೆ ಹೆಸರಾದ ಗಂಡಸರಿಗೆ ಹೆಣ್ಣುಮಕ್ಕಳು ಬಂದದ್ದು ಹೊಟ್ಟೆ ಮೇಲೆ ಹೊಡೆದ ಹಾಗೆ. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರು ದೊಡ್ಡ ಹೆಸರು ಮಾಡಿದರು. ರಂಗಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ಹಾಡು, ಕುಣಿತದ ಮನೆತನದವರು ಜಾಸ್ತಿ. ಮೈಸೂರು ಸರ್ಕಾರ 1909ರಲ್ಲೇ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಒಳ್ಳೇದೇ. ಆದರೆ ಆ ಮನೆಗಳ ಹೆಣ್ಣುಮಕ್ಕಳ ಕೈಯಲ್ಲಿದ್ದ ವಿದ್ಯೆ ಮುಂದೆ ಎಲ್ಲಿ ಹೋಗಬೇಕು? ರಂಗ, ರೆಕಾರ್ಡು, ಆಮೇಲೆ ಸಿನಿಮಾ. ನಮ್ಮ ಹುಡುಗಿಯ ಅಜ್ಜಿ ದೇವಸ್ಥಾನದಲ್ಲಿ ಹಾಡಿದವಳು, ಅಮ್ಮ ಹಾಡು ಬಿಟ್ಟವಳು, ಇವಳು ಬಣ್ಣ ಹಚ್ಚಿದವಳು. ಮಗಳು ಬಣ್ಣ ಹಚ್ಚಿದಾಗ ಅಮ್ಮ ಏನು ಮಾಡಿದಳು ಅನ್ನೋದರ ಬಗ್ಗೆ ನಮ್ಮ ತಂಡದಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಆಗಿನವರು ಪ್ರೀತಿ ಹೇಗೆ ಹೇಳ್ಕೊಳ್ತಿದ್ರು? ಡೈಲಾಗ್ ಹೇಗೆ ಬರೀತೀರಾ?

'ನಾನು ನಿನ್ನನ್ನು ಪ್ರೀತಿಸುತ್ತೇನೆ' ಅನ್ನುವ ಸಾಲು ನಮ್ಮ ಕಥೆಯಲ್ಲಿ ಎಲ್ಲೂ ಇಲ್ಲ. ಹಾಗೆ ಯಾರೂ ಹೇಳುತ್ತಿರಲಿಲ್ಲ, ಈಗಲೂ ನಮ್ಮೂರಲ್ಲಿ ಅಷ್ಟಾಗಿ ಹೇಳಲ್ಲ. ಅವಳು ಅವನನ್ನು 'ಮಾಸ್ತರೇ' ಅಂತಾಳೆ. ಎಲ್ಲರ ಮುಂದೆ ಅವನು ಅವಳಿಗೆ 'ನೀವು', ತಾಲೀಮಿನಲ್ಲಿ ಸಿಟ್ಟು ಬಂದಾಗ ಮಾತ್ರ 'ನೀನು'. ಒಂದು ಸೀನ್ ಹೀಗಿದೆ:

'ನಾಳೆ ಹೊಳೆ ಆಚೆ ಹೊಂಟೀರಂತೆ, ಮಾಸ್ತರೇ?'
'ಹೂಂ. ಅವ್ವಗ ಆರಾಮಿಲ್ಲ.'
'ಮತ್ತೆ ಪೇಟಿ?'
'ಇಲ್ಲೇ ಇರ್ತೈತಿ.'
'ಹಂಗಾದ್ರೆ ಬರ್ತೀರಿ ಬಿಡಿ.'

ಇಷ್ಟೇ. ಅವನ ಮಾತಿನಲ್ಲಿ ರಾಣೆಬೆನ್ನೂರು ಕಡೆಯ 'ಐತಿ', ಅವಳ ಮಾತಿನಲ್ಲಿ ಅದೂ ಇದೂ ಎರಡೂ. ದಾವಣಗೆರೆ ಮಾತೇ ಹಾಗೆ. ಹಳೇ ಸಿನಿಮಾ ಅಂದ ಕೂಡಲೇ ಎಲ್ಲರ ಬಾಯಲ್ಲೂ ಗ್ರಂಥದ ಕನ್ನಡ ತುರುಕಬೇಡಿ. ಗ್ರಂಥದ ಕನ್ನಡ ಬಣ್ಣ ಹಚ್ಚಿದ ಮೇಲೆ, ಪರದೆಯ ಮುಂದೆ ಮಾತ್ರ. ಬಣ್ಣ ಒರೆಸಿದರೆ 'ಚಾ ಐತೇನ್ರೀ' ಅಷ್ಟೇ.

ಮದುವೆ ವಯಸ್ಸು ಎಷ್ಟು ತೋರಿಸ್ತೀರಾ? ಆಗ ಬಾಲ್ಯವಿವಾಹ ಇತ್ತಲ್ವಾ?

ಹೊಳೆಯ ಈಚೆಗೊಂದು ಕಾನೂನು, ಆಚೆಗೊಂದು. ಮೈಸೂರಲ್ಲಿ 1894ರ ಕಾಯ್ದೆ ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು ತಡೆಯಿತು. ಬ್ರಿಟಿಷ್ ಸೀಮೆಯಲ್ಲಿ 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಅಂತ ಮಾಡಿ 1930ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಮ್ಮ ಹುಡುಗಿಗೆ ಹತ್ತೊಂಬತ್ತು. ಆ ಕಾಲದ ಲೆಕ್ಕದಲ್ಲಿ 'ವಯಸ್ಸು ಮೀರಿದವಳು'. ಇದನ್ನು ಬಚ್ಚಿಡದೆ, ಪಕ್ಕದ ಮನೆ ಅಜ್ಜಿಯ ಬಾಯಲ್ಲಿ ಹೇಳಿಸಿದ್ದೇವೆ.

ಸ್ವಾತಂತ್ರ್ಯ ಹೋರಾಟ ಇಲ್ಲದೆ ಆ ಕಾಲದ ಸಿನಿಮಾ ಮಾಡಿದರೆ ಜನ ಒಪ್ತಾರಾ?

ಇರುತ್ತದೆ, ಆದರೆ ಅಂಚಿನಲ್ಲಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ನಮ್ಮವರು ಹೋಗಿದ್ದು ಅಂಕೋಲಕ್ಕೆ, ಅದೂ ಮುಂಬೈ ಪ್ರಾಂತ್ಯ. ನಮ್ಮ ಮಾಸ್ತರನ ತಮ್ಮ ಹಾಗೆ ಹೋದವನು. ಚಿತ್ರದುರ್ಗದ ಹೆಸರು ಎದ್ದು ಕಂಡದ್ದು 1939ರಲ್ಲಿ, ತುರುವನೂರಲ್ಲಿ ಈಚಲ ಮರ ಕಡಿದ ಅರಣ್ಯ ಸತ್ಯಾಗ್ರಹದಲ್ಲಿ. ನಿಜಲಿಂಗಪ್ಪನವರು ಅದರ ಮುಂದಾಳು. ನಮ್ಮ ಕಥೆ ಅಷ್ಟು ಮುಂದೆ ಹೋಗಲ್ಲ.

ಇನ್ನು 1947ರ ಆಗಸ್ಟ್ 15ಕ್ಕೆ ಕಥೆ ಮುಗಿಸಿ ಅಂತ ಸಲಹೆ ಕೊಡುವವರು ಬಹಳ. ಮೈಸೂರಲ್ಲಿ ಅವತ್ತಿಗೆ ಎಲ್ಲ ಮುಗಿಯಲಿಲ್ಲ. ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳ ಸರ್ಕಾರ ಬೇಕು ಅಂತ ಸೆಪ್ಟೆಂಬರಲ್ಲಿ 'ಮೈಸೂರು ಚಲೋ' ಶುರುವಾಯಿತು. ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂದದ್ದು ಅಕ್ಟೋಬರಲ್ಲಿ. ಬಾವುಟ ಹಾರಿಸಿ ಇಬ್ಬರನ್ನೂ ಒಂದು ಮಾಡಿಬಿಡೋದು ಸುಲಭ, ನಮಗೆ ಬೇಡ.

## ಶೂಟಿಂಗಿಗೆ ಹೊರಟವರಿಗೆ

ಹಳೇ ದಾವಣಗೆರೆ ಈಗ ಎಲ್ಲಿದೆ? ಎಲ್ಲಿ ಶೂಟ್ ಮಾಡ್ತೀರಾ?

ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆಯ ಒಳಗಿನ ಗಲ್ಲಿಗಳಲ್ಲಿ ಮರದ ಕಂಬದ ಮನೆಗಳು ಇನ್ನೂ ಕೆಲವು ಉಳಿದಿವೆ. ಒಳಾಂಗಣಕ್ಕೆ ಸಾಕು. ಬೀದಿ ತೋರಿಸೋದು ಕಷ್ಟ. ವೈರು, ಫ್ಲೆಕ್ಸು, ಬೈಕು. ರಾತ್ರಿ ಹೊತ್ತು, ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ತೆಗೆದರೆ ಅರ್ಧ ಸಮಸ್ಯೆ ಕತ್ತಲಲ್ಲೇ ಮುಚ್ಚಿಹೋಗುತ್ತದೆ, ಮತ್ತು ನಾಟಕ ನಡೆಯುತ್ತಿದ್ದದ್ದೂ ರಾತ್ರಿಯೇ. ಕಂಪನಿ ಥಿಯೇಟರನ್ನು ತಗಡು, ಬಿದಿರು, ತಡಿಕೆಯಲ್ಲಿ ನಾವೇ ಕಟ್ಟಿಕೊಳ್ಳಬೇಕು.

ದುರ್ಗದ ಕೋಟೆ ಕೇಂದ್ರದ ಪುರಾತತ್ವ ಇಲಾಖೆಯದು. ಅನುಮತಿ ಇಲ್ಲದೆ ಕ್ಯಾಮೆರಾ ಸ್ಟ್ಯಾಂಡ್ ಇಳಿಸಬೇಡಿ. ರೈಲಿನ ಕಥೆ ಇನ್ನೂ ಕಷ್ಟ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುತ್ತಿದ್ದದ್ದು ಮೀಟರ್ ಗೇಜ್. ಈಗ ಇಲ್ಲಿ ಎಲ್ಲ ಬ್ರಾಡ್ ಗೇಜ್, ಮೇಲೆ ಕರೆಂಟಿನ ತಂತಿ. ಉಗಿಬಂಡಿ ಬೇಕೇ ಬೇಕು ಅಂದರೆ ನೀಲಗಿರಿಗೆ ಹೋಗಬೇಕು, ಅಲ್ಲಿ ಬೆಟ್ಟ, ಟೀ ತೋಟ ಎಲ್ಲ ಫ್ರೇಮಿನೊಳಗೆ ಬರುತ್ತದೆ. ಎರೆಹೊಲದ ದಾವಣಗೆರೆ ಅಂತ ಯಾರು ನಂಬುತ್ತಾರೆ? ನಾವು ರೈಲು ತೋರಿಸಲ್ಲ, ಸದ್ದು ಕೇಳಿಸ್ತೀವಿ.

ಬೆಣ್ಣೆ ದೋಸೆ ತೋರಿಸ್ತೀರಾ?

ಈ ಪ್ರಶ್ನೆ ಬರದ ದಿನ ಇಲ್ಲ! ಊರಲ್ಲಿ ಹೇಳುವ ಪ್ರಕಾರ, ಬೆಳಗಾವಿ ಕಡೆಯಿಂದ 1928ರಲ್ಲಿ ಬಂದ ಚೆನ್ನಮ್ಮ ಅನ್ನುವವರು ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಮಾಡಿ ಮಾರುತ್ತಿದ್ದರು, ಅಕ್ಕಿ ಹಿಟ್ಟು, ಬೆಣ್ಣೆ ಆಮೇಲೆ ಬಂದವು. ಹಾಗಾಗಿ ನಮ್ಮ ಸಿನಿಮಾದಲ್ಲಿ ಇರೋದು ರಾಗಿ ದೋಸೆ. ನಾಟಕ ಬಿಟ್ಟ ಮೇಲೆ ತಿನ್ನುತ್ತಾರೆ. ಬೇಜಾರು ಮಾಡ್ಕೋಬೇಡಿ.

ದುಡ್ಡು ಎಣಿಸುವ ಸೀನಲ್ಲಿ ಏನು ನೋಡ್ಕೋಬೇಕು?

ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಯಾ ಪೈಸೆ ಬಂದದ್ದು 1957ರಲ್ಲಿ. ನಾಣ್ಯದ ಮೇಲೆ ಐದನೇ ಜಾರ್ಜ್ ಮುಖ ಇರಬೇಕು, ಆರನೇ ಜಾರ್ಜ್ ಅಲ್ಲ. ಕ್ಯಾಮೆರಾ ಹತ್ತಿರ ಹೋಗುವ ನಾಲ್ಕು ನಾಣ್ಯ ಅಸಲಿ ಇದ್ದರೆ ಸಾಕು, ಹಳೇ ನಾಣ್ಯ ಕೂಡಿಡುವವರು ಕೊಡುತ್ತಾರೆ.

ಹಳೇ ರೆಕಾರ್ಡಿನ ಹಾಡನ್ನೇ ಹಾಗೇ ಸಿನಿಮಾಕ್ಕೆ ಹಾಕಬಹುದಾ? ಕಾಪಿರೈಟ್ ಕೇಸ್ ಆಗಲ್ವಾ?

ಇಲ್ಲಿ ಎರಡು ಹಕ್ಕು ಬೇರೆ ಬೇರೆ, ಜನ ಕಲಸಿಕೊಳ್ಳೋದೇ ಇಲ್ಲಿ. ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ 1930ರ ತಟ್ಟೆಯ ಮುದ್ರಣ ಯಾವಾಗಲೋ ಎಲ್ಲರದ್ದೂ ಆಯಿತು. ಆದರೆ ಸಾಹಿತ್ಯ ಮತ್ತು ಮಟ್ಟಿನ ಹಕ್ಕು ಬರೆದವರು, ಕಟ್ಟಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಒಬ್ಬ ಕವಿ 1930ರಲ್ಲಿ ಬರೆದು 1980ರಲ್ಲಿ ತೀರಿಕೊಂಡಿದ್ದರೆ, ಸಾಹಿತ್ಯದ ಹಕ್ಕು 2040ರ ಕೊನೆವರೆಗೂ ಅವರ ಮನೆಯವರದ್ದೇ. ಹಾಗಾಗಿ ಮೊದಲು ಬರೆದವರು ಯಾರು, ಯಾವಾಗ ತೀರಿಕೊಂಡರು ಅಂತ ಹುಡುಕಿ. ಈಚೆಗೆ ಯಾರಾದರೂ ಸದ್ದು ತೊಳೆದು ಹೊಸದಾಗಿ ಬಿಟ್ಟ ಪ್ರತಿ ಬಳಸಬೇಡಿ, ಅದಕ್ಕೆ ಅವರು ಹಕ್ಕು ಹೇಳಬಹುದು. ಮೂಲ ತಟ್ಟೆಯಿಂದಲೇ ತೆಗೆಸಿಕೊಳ್ಳಿ. ಕರಕರ ಸದ್ದು ಇರಲಿ ಬಿಡಿ. ವಕೀಲರನ್ನು ಒಮ್ಮೆ ಕೇಳಿ, ಮನೆಯವರು ಸಿಕ್ಕರೆ ಹೋಗಿ ಮಾತಾಡಿ, ಕಾಗದದ ಮೇಲೆ ಬರೆಸಿಕೊಳ್ಳಿ. ನಾವು ನಮ್ಮ ಸಿನಿಮಾಕ್ಕೆ ಒಂದೇ ಒಂದು ಹಳೇ ತಟ್ಟೆ ಬಳಸುತ್ತಿದ್ದೇವೆ, ಉಳಿದ ಮಟ್ಟುಗಳನ್ನೆಲ್ಲ ಹೊಸದಾಗಿ ಕಟ್ಟಿಸಿದ್ದೇವೆ.